ಜಪಾನಿ ಡ್ರಾಮಾ ನಮ್ಮ ತನಕ ಯಾಕೆ ಬರುವುದಿಲ್ಲ?

2025ರ ನವೆಂಬರ್‌ನಲ್ಲಿ ಜಪಾನಿನ ಬಾಕ್ಸ್ ಆಫೀಸಿನಲ್ಲಿ 22 ವರ್ಷ ಹಳೆಯ ದಾಖಲೆಯೊಂದು ಮುರಿಯಿತು. ಅನಿಮೆಗಳನ್ನು, ಅಂದರೆ ಜಪಾನಿನ ಕಾರ್ಟೂನ್ ಸಿನಿಮಾಗಳನ್ನು ಬದಿಗಿಟ್ಟು, ನಟ ನಟಿಯರು ಅಭಿನಯಿಸಿದ ಜಪಾನಿ ಸಿನಿಮಾಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ, ಅಲ್ಲಿಯವರೆಗೆ ಅತಿ ಹೆಚ್ಚು ಗಳಿಸಿದ್ದು 2003ರ 'ಬೇಸೈಡ್ ಶೇಕ್‌ಡೌನ್ 2'. ಅದರ ಗಳಿಕೆ 1,735 ಕೋಟಿ ಯೆನ್. ಅದನ್ನು ಹಿಂದಿಕ್ಕಿದ್ದು 'ಕೊಕುಹೊ'. ಕಬುಕಿ ಎಂಬ ಜಪಾನಿನ ಸಾಂಪ್ರದಾಯಿಕ ರಂಗಭೂಮಿಯಲ್ಲಿ ಹೆಣ್ಣಿನ ಪಾತ್ರ ಮಾಡುವ ಗಂಡು ಕಲಾವಿದರ ಕತೆ. ಹತ್ತಿರ ಹತ್ತಿರ ಮೂರು ಗಂಟೆಯ ಸಿನಿಮಾ. ಜೂನ್‌ನಲ್ಲಿ ಬಿಡುಗಡೆಯಾದದ್ದು ಚಳಿಗಾಲದವರೆಗೂ ಓಡಿತು. ಯಕ್ಷಗಾನದ ಸ್ತ್ರೀವೇಷ ನೋಡುತ್ತಾ ಬೆಳೆದವರಿಗೆ ಈ ಕತೆ ಯಾಕೆ ಅಷ್ಟು ಜನರನ್ನು ಹಿಡಿಯಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಮುರಿದ ದಾಖಲೆ ಯಾರದ್ದಾಗಿತ್ತು ಎನ್ನುವುದನ್ನೂ ಗಮನಿಸಬೇಕು. 'ಬೇಸೈಡ್ ಶೇಕ್‌ಡೌನ್' ಹುಟ್ಟಿದ್ದು 1997ರ ಒಂದು ಟಿವಿ ಡ್ರಾಮಾದಿಂದ, ಅಂದರೆ ಕಂತುಗಳಲ್ಲಿ ಬರುವ ಟಿವಿ ಕತೆಯಿಂದ. ಫುಜಿ ಟಿವಿಯಲ್ಲಿ ಬಂದ ಪೊಲೀಸ್ ಠಾಣೆಯ ಕತೆ ಅದು. ಅಂದರೆ ಎರಡು ದಶಕಕ್ಕೂ ಹೆಚ್ಚು ಕಾಲ ಅನಿಮೆ ಬಿಟ್ಟರೆ ಆ ದೇಶದ ಅತಿ ದೊಡ್ಡ ಸಿನಿಮಾ ಎನಿಸಿಕೊಂಡದ್ದು ಟಿವಿಯ ಕೂಸು. ಅಲ್ಲಿ ಟಿವಿ ಡ್ರಾಮಾಕ್ಕೆ ಇರುವ ಜಾಗ ಅಷ್ಟು ದೊಡ್ಡದು. ಆದರೂ ನಮ್ಮಲ್ಲಿ ಎಷ್ಟು ಜನ ಒಂದಾದರೂ ಜಪಾನಿ ಡ್ರಾಮಾ ನೋಡಿದ್ದಾರೆ? ಕೊರಿಯನ್ ಡ್ರಾಮಾ ಮನೆಮನೆಗೆ ಬಂದಿದೆ. ಜಪಾನಿನದ್ದೇ ಆದ ಅನಿಮೆಯೂ ಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ 'ಡೀಮನ್ ಸ್ಲೇಯರ್' ಸರಣಿಯ ಹೊಸ ಸಿನಿಮಾ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಜೊತೆ ನಮ್ಮ ಥಿಯೇಟರ್‌ಗಳಿಗೇ ಬಂತು. ಡ್ರಾಮಾ ಮಾತ್ರ ಬರಲಿಲ್ಲ.

ಜಪಾನಿ ಡ್ರಾಮಾ ಬೋರು, ನಿಧಾನ, ಹೊರಗಿನವರಿಗೆ ಹಿಡಿಸುವುದಿಲ್ಲ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಹೊರಗೆ ಪ್ರೇಕ್ಷಕರು ಮೊದಲಿಂದಲೂ ಇದ್ದರು. ಆದರೆ ಆ ಉದ್ಯಮ ಬೆಳೆದದ್ದೇ ತನ್ನ ಊರಿನವರಿಗಾಗಿ. ಅದರ ದುಡ್ಡಿನ ಲೆಕ್ಕ, ಹಕ್ಕುಗಳ ಕಾಗದ ಪತ್ರ, ನಟರ ಏಜೆನ್ಸಿಗಳ ಕಟ್ಟುಪಾಡು ಎಲ್ಲವೂ ಒಳಗಿನ ಮಾರುಕಟ್ಟೆಗೆ ತಕ್ಕಂತೆ ರೂಪುಗೊಂಡವು. ಡ್ರಾಮಾ ಹೊರಗೆ ಬರದಂತೆ ತಡೆದದ್ದು ಇದೇ. ಆ ಡ್ರಾಮಾಗಳಿಗೆ ಅಷ್ಟು ಸೊಗಸು ಬಂದದ್ದೂ ಇದರಿಂದಲೇ. ಈಗ ಬಾಗಿಲು ತೆರೆಯುತ್ತಿರುವ ಹೊತ್ತಿನಲ್ಲಿ ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಮೊದಲು ಆ ಸೊಗಸಿನ ಮಾತು. ಜಪಾನಿನ ಟಿವಿ ವರ್ಷ ನಾಲ್ಕು ಭಾಗವಾಗಿದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಬಂತೆಂದರೆ ಎಲ್ಲ ಚಾನೆಲ್‌ಗಳಲ್ಲೂ ಹೊಸ ಡ್ರಾಮಾ ಶುರು. ವಾರಕ್ಕೊಂದು ಎಪಿಸೋಡ್. ಹತ್ತೋ ಹನ್ನೊಂದೋ ವಾರಕ್ಕೆ ಕತೆ ಮುಗಿಯುತ್ತದೆ. ನಿಜವಾಗಿಯೂ ಮುಗಿಯುತ್ತದೆ. ಹಿಟ್ ಆಯಿತು ಅಂತ ಇನ್ನೂರು ಕಂತು ಎಳೆಯುವುದಿಲ್ಲ. ನಮ್ಮ ಕನ್ನಡ ಧಾರಾವಾಹಿ ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ ನಡೆಯುತ್ತದೆ. ಅದಕ್ಕೂ ಅದರದ್ದೇ ಪ್ರೇಕ್ಷಕರಿದ್ದಾರೆ. ಆದರೆ ಮೊದಲ ದಿನವೇ ಕೊನೆ ಗೊತ್ತಿರುವ ಕತೆಗೆ ಬೇರೆಯೇ ಬಿಗಿ ಇರುತ್ತದೆ ಅಲ್ವಾ? ಮೂರನೇ ವಾರ ಯಾರೋ ಸುಮ್ನೆ ಆಡಿದ ಮಾತು ಒಂಬತ್ತನೇ ವಾರ ತಿರುಗಿ ಬಂದು ಎದೆಗೆ ತಾಗುತ್ತದೆ. ಬರೆಯುವವರಿಗೆ ಮೊದಲಿಂದಲೇ ಪೂರ್ತಿ ದಾರಿ ಕಾಣುತ್ತಿದ್ದರೆ ಮಾತ್ರ ಹೀಗೆ ಬರೆಯಲು ಸಾಧ್ಯ.

ಬರೆಯುವವರೇ ಅಲ್ಲಿ ಮುಖ್ಯ. ಡ್ರಾಮಾ ಅಭಿಮಾನಿಗಳು ನಿರ್ದೇಶಕರಿಗಿಂತ ಮೊದಲು ಬರಹಗಾರರ ಹೆಸರು ಕೇಳುತ್ತಾರೆ. ಯುಜಿ ಸಕಾಮೊಟೊ ಅವರನ್ನೇ ನೋಡಿ. 1991ರಲ್ಲಿ 'ಟೋಕಿಯೋ ಲವ್ ಸ್ಟೋರಿ' ಬರೆದಾಗ ಅವರಿಗೆ ಇನ್ನೂ 25 ತುಂಬಿರಲಿಲ್ಲ. ಜಪಾನಿನಲ್ಲಷ್ಟೇ ಅಲ್ಲ, ತೈವಾನ್, ಹಾಂಗ್‌ಕಾಂಗ್, ಚೀನಾದಲ್ಲೂ ಒಂದು ತಲೆಮಾರಿನ ಯುವಕರು ಅದನ್ನು ನೋಡಿ ಬೆಳೆದರು. 2010ರಲ್ಲಿ ಅವರು ಬರೆದ 'ಮದರ್' ಟರ್ಕಿಯಲ್ಲಿ, ಕೊರಿಯಾದಲ್ಲಿ ಮರುಹುಟ್ಟು ಪಡೆಯಿತು. ಕೊರೆಎಡಾ ನಿರ್ದೇಶಿಸಿದ 'ಮಾನ್‌ಸ್ಟರ್' ಸಿನಿಮಾಕ್ಕಾಗಿ 2023ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ಚಿತ್ರಕತೆ ಪ್ರಶಸ್ತಿ ಅವರಿಗೆ ಸಿಕ್ಕಿತು.

ಆದರೆ ನನಗೆ ಸಕಾಮೊಟೊ ಅಂದರೆ 2017ರ 'ಕ್ವಾರ್ಟೆಟ್'. ಕಾರುಯಿಜಾವಾ ಎಂಬ ಬೆಟ್ಟದೂರಿನ ಮನೆಯಲ್ಲಿ ನಾಲ್ಕು ಜನ ಸಂಗೀತಗಾರರು ಒಟ್ಟಿಗೆ ಇರುತ್ತಾರೆ. ದೊಡ್ಡ ಹೆಸರೇನೂ ಮಾಡಿದವರಲ್ಲ. ಮೊದಲ ಎಪಿಸೋಡಿನಲ್ಲೇ ಊಟದ ಮೇಜಿನ ಮೇಲೆ ಒಂದು ಜಗಳ. ಕರಿದ ಕೋಳಿಯ ಮೇಲೆ ಒಬ್ಬರು ಯಾರನ್ನೂ ಕೇಳದೆ ನಿಂಬೆಹಣ್ಣು ಹಿಂಡಿಬಿಡುತ್ತಾರೆ. ಎಲ್ಲರಿಗೂ ಸೇರಿದ ತಟ್ಟೆಗೆ ನಿಂಬೆ ಹಿಂಡುವ ಮೊದಲು ಕೇಳಬೇಕೋ ಬೇಡವೋ? ಇಷ್ಟೇ ಪ್ರಶ್ನೆ. ಇದರ ಮೇಲೆ ನಿಮಿಷಗಟ್ಟಲೆ ಮಾತು. ಮದುವೆ, ಒಟ್ಟಿಗೆ ಬದುಕುವುದು, ಇನ್ನೊಬ್ಬರ ಇಷ್ಟವನ್ನು ನಮಗೆ ಗೊತ್ತಿದೆ ಅಂದುಕೊಳ್ಳುವುದು, ಎಲ್ಲವೂ ಆ ನಿಂಬೆಹಣ್ಣಿನ ಒಳಗೆ ಬಂದುಬಿಡುತ್ತದೆ. ಪ್ರಸಾರವಾದಾಗ ಇದರ ರೇಟಿಂಗ್ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಇವತ್ತಿಗೂ ಜನ ಆ ದೃಶ್ಯವನ್ನು ನೆನೆಯುತ್ತಾರೆ.

ಅಕಿಕೊ ನೊಗಿ ಬರೆದ 2018ರ 'ಅನ್‌ನ್ಯಾಚುರಲ್' ಇನ್ನೊಂದು ದಾರಿ. ಅಸಹಜ ಸಾವುಗಳ ಮರಣೋತ್ತರ ಪರೀಕ್ಷೆ ಮಾಡುವ ಪ್ರಯೋಗಾಲಯ ಅದರ ಜಾಗ. ಹತ್ತು ಎಪಿಸೋಡ್. ಹೊರಗಿನಿಂದ ನೋಡಿದರೆ ಕ್ರೈಂ ಕತೆ. ಒಳಗೆ ಹೋದರೆ ಅತಿಯಾದ ಕೆಲಸದ ಒತ್ತಡ, ಶಾಲೆಯ ಹಿಂಸೆ, ಸತ್ತವರ ಬಗ್ಗೆ ಊರು ಕಟ್ಟುವ ಸುಳ್ಳುಕತೆ. 'ಇವರು ಯಾಕೆ ಸತ್ತರು ಎಂದು ಕಂಡುಹಿಡಿಯುವುದು ಬದುಕಿರುವವರಿಗಾಗಿ' ಎಂಬ ನಂಬಿಕೆಯಲ್ಲೇ ಇಡೀ ಡ್ರಾಮಾ ನಡೆಯುತ್ತದೆ. ಕೆನ್ಶಿ ಯೊನೆಜು ಹಾಡಿದ 'ಲೆಮನ್' ಇದರ ಶೀರ್ಷಿಕೆ ಗೀತೆ. ಪ್ರತಿ ವಾರ ಅದು ಸರಿಯಾದ ಕ್ಷಣಕ್ಕೆ ಶುರುವಾಗುತ್ತದೆ. ಇದೇ ಕಥಾಲೋಕದಲ್ಲಿ ನೊಗಿ 2020ರಲ್ಲಿ 'ಮಿಯು 404' ಬರೆದರು. 2024ರಲ್ಲಿ ಬಂದ 'ಲಾಸ್ಟ್ ಮೈಲ್' ಸಿನಿಮಾದಲ್ಲಿ ಎರಡೂ ಡ್ರಾಮಾದ ಜನ ಬಂದು ಹೋಗುತ್ತಾರೆ. ಆನ್‌ಲೈನ್ ಮಾರಾಟದ ಗೋದಾಮಿನಿಂದ ಹೊರಟ ಪಾರ್ಸೆಲ್‌ಗಳು ಸಿಡಿಯುವ ಕತೆ ಅದು. ಡ್ರಾಮಾ ನೋಡದೆ ಸಿನಿಮಾ ನೋಡಿದರೂ ನಡೆಯುತ್ತದೆ. ನೋಡಿದ್ದರೆ ಜಾಸ್ತಿ ಸಿಗುತ್ತದೆ.

ಇನ್ನು ಬೆಳಗಿನ ಡ್ರಾಮಾ. ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ 1961ರಿಂದ ಇದನ್ನು ನಡೆಸಿಕೊಂಡು ಬಂದಿದೆ. ದಿನಕ್ಕೆ 15 ನಿಮಿಷ, ಹೆಚ್ಚಾಗಿ ಆರು ತಿಂಗಳು. ಸಾಮಾನ್ಯವಾಗಿ ಒಬ್ಬ ಹೆಣ್ಣುಮಗಳ ಬದುಕಿನ ಕತೆ. ಇವುಗಳಲ್ಲಿ ಲೋಕವೆಲ್ಲ ಸುತ್ತಿದ್ದು 'ಓಶಿನ್'. ಸುಗಾಕೊ ಹಶಿದಾ ಬರೆದ ಈ ಕತೆ 1983ರ ಏಪ್ರಿಲ್‌ನಿಂದ ಇಡೀ ಒಂದು ವರ್ಷ, 297 ಕಂತುಗಳಲ್ಲಿ ಬಂತು. ಯಾಮಾಗಾತಾ ಪ್ರಾಂತ್ಯದ ಬಡ ಗೇಣಿದಾರನ ಮಗಳು ಅಕ್ಕಿಗಾಗಿ ಬೇರೆಯವರ ಮನೆಗೆ ಕೂಲಿಗೆ ಹೋಗುತ್ತಾಳೆ. ಸರಾಸರಿ ರೇಟಿಂಗ್ 52.6 ಶೇಕಡ. ಮುಂದೆ 60ಕ್ಕೂ ಹೆಚ್ಚು ದೇಶಗಳಲ್ಲಿ ಇದು ಪ್ರಸಾರವಾಯಿತು. ಇರಾನಿನಲ್ಲಿ, ಶ್ರೀಲಂಕಾದಲ್ಲಿ ಇವತ್ತಿಗೂ ಓಶಿನ್ ಅಂದರೆ ಜನರ ಮುಖ ಅರಳುತ್ತದೆ. ಹೊರಗಿನವರಿಗೆ ಜಪಾನಿ ಕತೆ ಹಿಡಿಸುವುದಿಲ್ಲ ಎನ್ನುವವರು 'ಓಶಿನ್' ಬಗ್ಗೆ ಏನು ಹೇಳುತ್ತಾರೋ.

ಹಾಗಾದರೆ 'ಓಶಿನ್' ಹೋದ ದಾರಿಯಲ್ಲೇ ಉಳಿದವೂ ಯಾಕೆ ಹೋಗಲಿಲ್ಲ?

ದೊಡ್ಡ ಕಾರಣ, ಹೊರಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಜಪಾನಿನಲ್ಲಿ 12 ಕೋಟಿಗೂ ಹೆಚ್ಚು ಜನ ಇದ್ದಾರೆ. ಖರ್ಚು ಮಾಡುವ ಶಕ್ತಿ ಇದೆ. ಎಲ್ಲರಿಗೂ ಒಂದೇ ಭಾಷೆ. ಟಿವಿ ಚಾನೆಲ್‌ಗಳಿಗೆ ಜಾಹೀರಾತಿನ ದುಡ್ಡೇ ಸಾಕಾಗುತ್ತಿತ್ತು. 2013ರ 'ಹನ್‌ಜಾವಾ ನಾವೊಕಿ' ಎಂಬ ಬ್ಯಾಂಕ್ ನೌಕರನ ಕತೆಯ ಕೊನೆಯ ಎಪಿಸೋಡಿಗೆ ಟೋಕಿಯೋ ಸುತ್ತಮುತ್ತ ಬಂದ ರೇಟಿಂಗ್ 42.2 ಶೇಕಡ. ಊರಿನಲ್ಲೇ ಇಷ್ಟು ಬೇಡಿಕೆ ಇದ್ದಾಗ ಹೊರದೇಶದ ಮಾರಾಟ ಚಿಲ್ಲರೆ ಲೆಕ್ಕ. ಸಿನಿಮಾಕ್ಕೂ ಇದೇ ಮಾತು. 2024ರಲ್ಲಿ ಜಪಾನಿನ ಥಿಯೇಟರ್ ಗಳಿಕೆಯಲ್ಲಿ ಸುಮಾರು ಮುಕ್ಕಾಲು ಪಾಲು ಜಪಾನಿ ಸಿನಿಮಾಗಳದ್ದೇ. ಹಾಲಿವುಡ್ಡನ್ನೇ ಬದಿಗೆ ಸರಿಸಿದ ಮಾರುಕಟ್ಟೆ ಅದು.

ಎರಡನೆಯದು ಹಕ್ಕುಗಳ ಗಂಟು. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಯಾಕೆಂದರೆ ಅಭಿಮಾನಿಗಳ ಸಿಟ್ಟು ಬಹಳ ಸಲ ತಪ್ಪು ಜಾಗಕ್ಕೆ ಹೋಗುತ್ತದೆ. ಜಪಾನಿ ಸಿನಿಮಾಗೆ ದುಡ್ಡು ಹಾಕುವವರು ಒಬ್ಬರಲ್ಲ. ನಿರ್ಮಾಣ ಸಮಿತಿ ಎಂಬ ಪದ್ಧತಿ ಇದೆ. ಟಿವಿ ಚಾನೆಲ್, ಪುಸ್ತಕ ಪ್ರಕಾಶಕರು, ಜಾಹೀರಾತು ಕಂಪನಿ, ವಿತರಕರು, ಕೆಲವು ಸಲ ನಟರ ಏಜೆನ್ಸಿ ಸೇರಿ ದುಡ್ಡು ಹಾಕುತ್ತಾರೆ. ಸೋತರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ನಷ್ಟ. ಗೆದ್ದರೆ ಹಕ್ಕುಗಳೂ ಹಂಚಿಹೋಗಿರುತ್ತವೆ. ಹೊರದೇಶಕ್ಕೆ ಕೊಡಬೇಕೆಂದರೆ ಎಲ್ಲರೂ ಹೂಂ ಅನ್ನಬೇಕು. ಟಿವಿ ಡ್ರಾಮಾದಲ್ಲಿ ಗಂಟು ಬೇರೆ ಥರ. ಪ್ರಸಾರಕ್ಕೆ ನಟರಿಂದ, ಬರಹಗಾರರಿಂದ, ಹಾಡು ಮಾಡಿದವರಿಂದ ಒಪ್ಪಿಗೆ ಸಿಕ್ಕಿರುತ್ತದೆ. ನೆಟ್‌ನಲ್ಲಿ ತೋರಿಸಲು ಅದು ಸಾಕಾಗುವುದಿಲ್ಲ. ಹಿನ್ನೆಲೆಯಲ್ಲಿ ಹತ್ತು ಸೆಕೆಂಡು ಕೇಳಿಸುವ ವಿದೇಶಿ ಹಾಡಿಗೂ ಮತ್ತೆ ಒಪ್ಪಿಗೆ ಬೇಕು.

ಮೂರನೆಯದು ಏಜೆನ್ಸಿಗಳು. ಹುಡುಗರ ತಂಡಗಳನ್ನು ಬೆಳೆಸಿದ ಜಾನೀಸ್ ಎಂಬ ಏಜೆನ್ಸಿ ದಶಕಗಳ ಕಾಲ ಜಪಾನಿನ ಟಿವಿಯನ್ನೇ ಹಿಡಿದಿಟ್ಟುಕೊಂಡಿತ್ತು. ತಮ್ಮ ನಟರ ಫೋಟೋ ವೆಬ್‌ನಲ್ಲಿ ಬರಲು 2018ರವರೆಗೆ ಅವರು ಬಿಡುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಪತ್ರಿಕೆಯ ಮುಖಪುಟ ನೋಡಿದರೆ ನಟನಿರಬೇಕಾದ ಜಾಗದಲ್ಲಿ ಬೂದುಬಣ್ಣದ ನೆರಳು ಮಾತ್ರ ಇರುತ್ತಿತ್ತು. ಫೋಟೋಕ್ಕೇ ಹೀಗಿದ್ದಾಗ ಡ್ರಾಮಾ ಹೊರದೇಶದ ನೆಟ್‌ಗೆ ಬರುವುದೆಲ್ಲಿ?

ಆ ಸಂಸ್ಥೆಯ ಇನ್ನೊಂದು ಮುಖ ಲೋಕಕ್ಕೆ ಕಂಡದ್ದು ತಡವಾಗಿ. 2023ರ ಮಾರ್ಚ್‌ನಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರ ಬಂತು. ಸ್ಥಾಪಕ ಜಾನಿ ಕಿತಗಾವಾ ಹುಡುಗರ ಮೇಲೆ ದಶಕಗಳ ಕಾಲ ಲೈಂಗಿಕ ದೌರ್ಜನ್ಯ ನಡೆಸಿದ್ದು ನಿಜವೆಂದು ಸೆಪ್ಟೆಂಬರ್‌ನಲ್ಲಿ ಸಂಸ್ಥೆಯೇ ಒಪ್ಪಿಕೊಂಡಿತು. ಅಷ್ಟರಲ್ಲಿ ಕಿತಗಾವಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸಂಸ್ಥೆಯ ಹೆಸರು ಬದಲಾಯಿತು. ಕಲಾವಿದರ ಕೆಲಸ ನೋಡಿಕೊಳ್ಳಲು ಬೇರೆ ಕಂಪನಿ ಬಂತು. ಚಾನೆಲ್‌ಗಳು ಇಷ್ಟು ವರ್ಷ ಸುಮ್ಮನಿದ್ದದ್ದು ಯಾಕೆ ಎಂಬ ಪ್ರಶ್ನೆಗೆ ಅವು ಕೊಟ್ಟ ಉತ್ತರ ನನಗೆ ಸಾಕಾಗಿಲ್ಲ. ಎಲ್ಲರೂ ಒಳಗಿನವರೇ ಆಗಿದ್ದಾಗ ಕೇಳುವವರು ಇರುವುದಿಲ್ಲ. ಬಾಗಿಲು ಮುಚ್ಚಿದ ಉದ್ಯಮಕ್ಕೆ ತಗಲುವ ಅತಿ ಕೆಟ್ಟ ರೋಗ ಇದು.

ಕೊರಿಯಾದ ಕತೆ ಇದಕ್ಕೆ ತಿರುವುಮುರುವು. ಅಲ್ಲಿ ಒಳಗಿನ ಮಾರುಕಟ್ಟೆ ಚಿಕ್ಕದು. 1997ರ ಆರ್ಥಿಕ ಬಿಕ್ಕಟ್ಟಿನ ಬಳಿಕ ಸರ್ಕಾರವೂ ಕಂಪನಿಗಳೂ ಸಂಸ್ಕೃತಿಯನ್ನು ರಫ್ತಿನ ಸರಕಾಗಿ ನೋಡಿದವು. ಡ್ರಾಮಾ ಮಾಡುವಾಗಲೇ ಹೊರದೇಶದ ಮಾರಾಟ ಲೆಕ್ಕದಲ್ಲಿರುತ್ತದೆ. ಜಪಾನಿಗರೇ 2003-04ರಲ್ಲಿ 'ವಿಂಟರ್ ಸೊನಾಟಾ' ನೋಡಿ ಹುಚ್ಚಾದರು. ಇನ್ನೊಂದು ಸಂಗತಿ ನನಗೆ ಯಾವಾಗಲೂ ಅಚ್ಚರಿ ತರುತ್ತದೆ. ಕೊರಿಯನ್ ಡ್ರಾಮಾ ಅಭಿಮಾನಿಗಳು ಸ್ವಯಂಪ್ರೇರಿತರಾಗಿ ಸಬ್‌ಟೈಟಲ್ ಬರೆಯುವ ವಿಕಿ ಎಂಬ ಸೇವೆ ಇದೆಯಲ್ಲ, ಅದನ್ನು 2013ರಲ್ಲಿ ಕೊಂಡದ್ದು ರಕುಟೆನ್ ಎಂಬ ಜಪಾನಿ ಕಂಪನಿ. ಕೊರಿಯಾದ ಕತೆಗಳನ್ನು ಲೋಕಕ್ಕೆ ಹಂಚುವ ಸಾಧನ ಜಪಾನಿನ ಕೈಯಲ್ಲೇ ಇತ್ತು. ಜಪಾನಿನ ಡ್ರಾಮಾಗಳೇ ಅದರಲ್ಲಿ ಕಡಿಮೆ.

ಕತೆಗಳು ಮಾತ್ರ ಸುತ್ತುಬಳಸಿ ಬಂದವು. 'ಹನಾ ಯೋರಿ ದಾಂಗೊ' ಎಂಬ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್ ಪುಸ್ತಕ, 2001ರಲ್ಲಿ ತೈವಾನಿನಲ್ಲಿ 'ಮೀಟಿಯರ್ ಗಾರ್ಡನ್' ಆಯಿತು. 2005ರಲ್ಲಿ ಜಪಾನಿನ ಡ್ರಾಮಾ ಬಂತು. 2009ರಲ್ಲಿ ಕೊರಿಯಾದ 'ಬಾಯ್ಸ್ ಓವರ್ ಫ್ಲವರ್ಸ್'. ಭಾರತದ ಹುಡುಗ ಹುಡುಗಿಯರು ಬಹುಪಾಲು ನೋಡಿದ್ದು ಕೊನೆಯದನ್ನು. ಮೂಲ ಜಪಾನಿನದ್ದು ಎಂದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಹಾಗಾದರೆ ಜಪಾನಿನ ಹೊರಗಿನವರು ಈ ಡ್ರಾಮಾಗಳನ್ನು ಇಷ್ಟು ವರ್ಷ ನೋಡಿದ್ದು ಹೇಗೆ? ಮೊದಲು ಪೂರ್ವ ಏಷ್ಯಾದ ವಿಸಿಡಿ ಅಂಗಡಿಗಳಲ್ಲಿ. ಆಮೇಲೆ ಫ್ಯಾನ್‌ಸಬ್‌ನಲ್ಲಿ. ಅಭಿಮಾನಿಗಳೇ ರಾತ್ರಿ ಕುಳಿತು ಅನುವಾದ ಮಾಡಿ, ಸಾಲು ಸಾಲಾಗಿ ಸಮಯ ಹೊಂದಿಸಿ, ಸಬ್‌ಟೈಟಲ್ ಹಂಚುತ್ತಿದ್ದರು. ದುಡ್ಡಿಲ್ಲ, ಹೆಸರಿಲ್ಲ. ಪರದೆಯ ಮೇಲ್ಭಾಗದಲ್ಲಿ ಒಂದು ಟಿಪ್ಪಣಿ ಹಾಕಿ ಯಾವ ಹಬ್ಬ, ಯಾವ ತಿಂಡಿ, ಯಾವ ಹಳೆಯ ಜಾಹೀರಾತಿನ ತಮಾಷೆ ಎಂದು ಬಿಡಿಸಿ ಹೇಳುತ್ತಿದ್ದರು. ದುಡ್ಡು ಕೊಟ್ಟು ನೋಡುವ ಎಷ್ಟೋ ಸಬ್‌ಟೈಟಲ್‌ಗಳಲ್ಲಿ ಆ ಕಾಳಜಿ ಇವತ್ತಿಗೂ ಕಾಣುವುದಿಲ್ಲ. ಜಪಾನಿ ಡ್ರಾಮಾಕ್ಕೆ ಹೊರಗೆ ಒಂದು ಅಭಿಮಾನಿ ಬಳಗ ಇದೆ ಎಂದರೆ ಅದನ್ನು ಕಟ್ಟಿದವರು ಇವರು.

ಕಾನೂನಿನ ಕಣ್ಣಿನಲ್ಲಿ ಇದು ತಪ್ಪು. ಅನುಮತಿ ಇಲ್ಲದೆ ಡ್ರಾಮಾ ಹಂಚುವುದು ಕೃತಿಸ್ವಾಮ್ಯದ ಉಲ್ಲಂಘನೆ. ಜಪಾನ್ ಈ ವಿಷಯದಲ್ಲಿ ಬಹಳ ಬಿಗಿ. ಎರಡು ಗಂಟೆಯ ಸಿನಿಮಾವನ್ನು ಹತ್ತು ನಿಮಿಷಕ್ಕೆ ಕತ್ತರಿಸಿ ಕತೆ ಹೇಳುವ 'ಫಾಸ್ಟ್ ಮೂವಿ' ವೀಡಿಯೋ ಮಾಡಿದವರಿಗೆ 2022ರ ನವೆಂಬರ್‌ನಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ 50 ಕೋಟಿ ಯೆನ್ ಪರಿಹಾರ ಕೊಡಲು ಹೇಳಿತು. ಆ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಅವರು ಬೇರೆಯವರ ಕೆಲಸ ಕತ್ತರಿಸಿ ಜಾಹೀರಾತಿನ ದುಡ್ಡು ಮಾಡಿದರು. ಆದರೆ ಯಾವ ದಾರಿಯೂ ಇಲ್ಲದಾಗ ಪ್ರೀತಿಯಿಂದ ಸಬ್‌ಟೈಟಲ್ ಬರೆದವರನ್ನು ಅದೇ ಸಾಲಿಗೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ. ಕಾನೂನುಬದ್ಧ ದಾರಿ ತೆರೆದ ಕೂಡಲೇ ಅದರಲ್ಲೇ ನೋಡಬೇಕು. ಇದರಲ್ಲಿ ಎರಡು ಮಾತಿಲ್ಲ.

ದಾರಿ ತೆರೆಯುತ್ತಿದೆ. ಒತ್ತಡ ಹುಟ್ಟಿದ್ದು ಜಪಾನಿನ ಒಳಗೇ. ಯುವಕರು ಟಿವಿ ಮುಂದೆ ಕೂರುವುದು ಕಡಿಮೆಯಾಯಿತು. 2019ರಲ್ಲಿ ಇಂಟರ್‌ನೆಟ್ ಜಾಹೀರಾತಿನ ವೆಚ್ಚ ಟಿವಿ ಜಾಹೀರಾತನ್ನು ಮೀರಿತು. ಟೋಕಿಯೋದ ಐದು ಖಾಸಗಿ ಚಾನೆಲ್‌ಗಳು ಸೇರಿ 2015ರಲ್ಲಿ ಟಿವರ್ ಎಂಬ ಉಚಿತ ಸೇವೆ ಶುರುಮಾಡಿದ್ದವು. ಕೃತಿಸ್ವಾಮ್ಯ ಕಾನೂನಿಗೆ 2021ರಲ್ಲಿ ತಿದ್ದುಪಡಿ ಬಂತು. 2022ರ ಜನವರಿಯಿಂದ ಪ್ರಸಾರದ ಜೊತೆಗೇ ನೆಟ್‌ನಲ್ಲೂ ತೋರಿಸುವ ಒಪ್ಪಿಗೆ ಪಡೆಯುವುದು ಸಲೀಸಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಸೈಲೆಂಟ್' ಬಂತು. ಕಿವಿ ಕೇಳಿಸುವುದು ನಿಂತುಹೋದ ಹುಡುಗ, ಅವನನ್ನು ವರ್ಷಗಳ ಬಳಿಕ ಮತ್ತೆ ಕಾಣುವ ಹಳೆಯ ಗೆಳತಿ. ಬರೆದದ್ದು ಹೊಸಬರು, ಮೊದಲು ನರ್ಸ್ ಆಗಿದ್ದ ಮಿಕು ಉಬುಕಾತಾ. ಟಿವಿ ರೇಟಿಂಗ್ ಸಾಧಾರಣ. ಟಿವರ್‌ನಲ್ಲಿ ಮಾತ್ರ ದಾಖಲೆ. ಚಿತ್ರೀಕರಣ ನಡೆದ ರೈಲು ನಿಲ್ದಾಣಕ್ಕೆ ಜನ ಯಾತ್ರೆ ಹೋದರು. ರೇಟಿಂಗ್ ಒಂದೇ ಅಳತೆಗೋಲಲ್ಲ ಎಂದು ಚಾನೆಲ್‌ಗಳಿಗೆ ಮನವರಿಕೆ ಆಯಿತು. ಆದರೆ ಟಿವರ್ ಜಪಾನಿನ ಹೊರಗೆ ಓಡುವುದಿಲ್ಲ.

2025ರ ಜನವರಿಯಲ್ಲಿ ಫುಜಿ ಟಿವಿಗೆ ಬಿದ್ದ ಹೊಡೆತ ಇನ್ನೂ ದೊಡ್ಡದು. ಪ್ರಸಿದ್ಧ ನಿರೂಪಕರೊಬ್ಬರ ವಿರುದ್ಧದ ಲೈಂಗಿಕ ದೌರ್ಜನ್ಯದ ದೂರನ್ನು ಚಾನೆಲ್ ನಡೆಸಿಕೊಂಡ ರೀತಿಗೆ ದೇಶವೇ ಸಿಟ್ಟಾಯಿತು. ದೊಡ್ಡ ದೊಡ್ಡ ಕಂಪನಿಗಳು ಜಾಹೀರಾತು ಹಿಂತೆಗೆದವು. ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಸೋಮವಾರ ರಾತ್ರಿ ಒಂಬತ್ತರ ಡ್ರಾಮಾ ಅಂದರೆ ಫುಜಿ ಎನ್ನುವ ಕಾಲವಿತ್ತು. ಜಾಹೀರಾತನ್ನಷ್ಟೇ ನಂಬಿ ಕೂರುವ ದಿನ ಮುಗಿಯಿತು ಎಂದು ಈಗ ಎಲ್ಲ ಚಾನೆಲ್‌ಗಳಿಗೂ ಗೊತ್ತಾಗಿದೆ.

ಹೊರಗಿನಿಂದಲೂ ಎಳೆತ ಇದೆ. ನೆಟ್‌ಫ್ಲಿಕ್ಸ್ 2015ರಲ್ಲಿ ಜಪಾನಿಗೆ ಬಂತು. ಟಿವಿಯಲ್ಲಿ ತಡರಾತ್ರಿ ಬರುತ್ತಿದ್ದ 'ಮಿಡ್‌ನೈಟ್ ಡೈನರ್' ಅನ್ನು 2016ರಲ್ಲಿ ಮುಂದುವರಿಸಿತು. 2020ರ ಕೊನೆಗೆ 'ಆಲಿಸ್ ಇನ್ ಬಾರ್ಡರ್‌ಲ್ಯಾಂಡ್' ಲೋಕವೆಲ್ಲ ಓಡಿತು. 2024ರಲ್ಲಿ 'ಶೋಗನ್' ಸರಣಿ ಒಂದೇ ವರ್ಷಕ್ಕೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮಿಯನ್ನು 18 ವಿಭಾಗಗಳಲ್ಲಿ ಗೆದ್ದಿತು. ಅದು ಅಮೆರಿಕದವರ ನಿರ್ಮಾಣ, ಚಿತ್ರೀಕರಣ ನಡೆದದ್ದು ಕೆನಡಾದಲ್ಲಿ. ಆದರೆ ಮಾತು ಬಹುಪಾಲು ಜಪಾನಿ. ಸಬ್‌ಟೈಟಲ್ ಓದಿಕೊಂಡು ಜಪಾನಿ ಮಾತು ಕೇಳಲು ಲೋಕ ಸಿದ್ಧವಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನನ್ನ ಆತಂಕ ಇರುವುದು ಇಲ್ಲಿ. ಬಾಗಿಲು ತೆರೆಯುವವರು ಯಾವ ಜಪಾನನ್ನು ಹೊರಗೆ ಕಳಿಸುತ್ತಾರೆ? ಸಾವಿನ ಆಟ, ಸಮುರಾಯ್, ಯಾಕೂಜಾ ಎಂಬ ಜಪಾನಿನ ಮಾಫಿಯಾ, ಭೂಗತ ಲೋಕದ ಮೋಸ, ಇವು ಸುಲಭವಾಗಿ ಗಡಿ ದಾಟುತ್ತವೆ. ಇವುಗಳಲ್ಲೂ ಒಳ್ಳೆಯವು ಇವೆ. ಆದರೆ ನಿಂಬೆಹಣ್ಣಿನ ಜಗಳ? ಊಟದ ಹೊತ್ತಿಗೆ ಯಾವುದೋ ಗಲ್ಲಿಯ ಹೋಟೆಲ್ ಹುಡುಕಿ ಒಬ್ಬನೇ ಕುಳಿತು ಉಣ್ಣುವ 'ಸಾಲಿಟರಿ ಗೂರ್ಮೆ'ಯ ವ್ಯಾಪಾರಿ? 2012ರಿಂದ ಟಿವಿ ಟೋಕಿಯೋದ ಸಣ್ಣ ಬಜೆಟ್ಟಿನಲ್ಲಿ ಬಂದ ಡ್ರಾಮಾ ಅದು. ಅಂಥದ್ದನ್ನು ಜಾಗತಿಕ ಪ್ರೇಕ್ಷಕರಿಗಾಗಿ ಎಂದು ಹೊಸದಾಗಿ ಯಾರೂ ಬರೆಯಲಾರರು. ಊರಿನವರಿಗಾಗಿ ಬರೆದಾಗ ಮಾತ್ರ ಅದು ಹುಟ್ಟುತ್ತದೆ.

ಹಾಗೆಂದು ನಿರಾಶೆಯೂ ಇಲ್ಲ. 2025ರ ಜನವರಿಯಲ್ಲಿ ಕೊರೆಎಡಾ ನಿರ್ದೇಶನದ 'ಅಶುರಾ' ನೆಟ್‌ಫ್ಲಿಕ್ಸ್‌ಗೆ ಬಂತು. ಕುನಿಕೊ ಮುಕೊಡಾ 1979ರಲ್ಲಿ ಎನ್‌ಎಚ್‌ಕೆಗಾಗಿ ಬರೆದ ಡ್ರಾಮಾದ ಮರುರೂಪ. ವಯಸ್ಸಾದ ಅಪ್ಪನಿಗೆ ಇನ್ನೊಂದು ಸಂಬಂಧ ಇದೆ ಎಂದು ನಾಲ್ಕು ಹೆಣ್ಣುಮಕ್ಕಳಿಗೆ ತಿಳಿಯುತ್ತದೆ. ಅಮ್ಮನಿಗೆ ಹೇಳಬೇಕೋ ಬೇಡವೋ? ಏಳು ಎಪಿಸೋಡಿನಲ್ಲಿ ಒಂದು ಗುಂಡೂ ಹಾರುವುದಿಲ್ಲ. ಉಣ್ಣುತ್ತಾ, ನಗುತ್ತಾ, ಒಬ್ಬರನ್ನೊಬ್ಬರು ಚುಚ್ಚುತ್ತಾ ಅಕ್ಕತಂಗಿಯರು ಮಾತಾಡುತ್ತಾರೆ. ನಮ್ಮ ಯಾವ ಮನೆಯಲ್ಲಾದರೂ ನಡೆಯಬಹುದಾದ ಕತೆ. ಯಾವ ಮಸಾಲೆಯನ್ನೂ ಸೇರಿಸದೆ ಇದು 2025ರಲ್ಲಿ ಲೋಕಕ್ಕೆ ಹೋಗಬಹುದಾದರೆ, ಪ್ರತಿ ಮೂರು ತಿಂಗಳಿಗೆ ಬರುವ ಹೊಸ ಡ್ರಾಮಾಗಳೂ ಹೋಗಬಹುದು. ಅವುಗಳನ್ನು ಬದಲಿಸಬೇಕಿಲ್ಲ. ಸಬ್‌ಟೈಟಲ್ ಹಾಕಿ ಕೊಟ್ಟರೆ ಸಾಕು.

ಅಭಿಮಾನಿಗಳಾಗಿ ನಾವು ಮರೆಯಬಾರದ ಇನ್ನೊಂದು ಸಂಗತಿ ಇದೆ. ಜಪಾನಿನ ಬಹಳಷ್ಟು ಡ್ರಾಮಾಗಳು ಮಾಂಗಾದಿಂದ ಬರುತ್ತವೆ. ವರ್ಷಕ್ಕೆ ನಾಲ್ಕು ಸಲ ಹೊಸ ಕತೆ ಬೇಕು. ಸಮಯ ಕಡಿಮೆ. 2023ರ ಕೊನೆಯ ಮೂರು ತಿಂಗಳಲ್ಲಿ ನಿಪ್ಪಾನ್ ಟಿವಿಯಲ್ಲಿ 'ಸೆಕ್ಸಿ ತನಾಕಾ-ಸಾನ್' ಬಂತು. ಮೂಲ ಮಾಂಗಾಕ್ಕೆ ನಿಷ್ಠವಾಗಿರಬೇಕು ಎಂಬ ತಮ್ಮ ಷರತ್ತು ಪಾಲನೆಯಾಗದೆ, ಕೊನೆಯ ಎರಡು ಎಪಿಸೋಡ್ ತಾವೇ ಬರೆಯಬೇಕಾಯಿತು ಎಂದು ಲೇಖಕಿ ಹಿನಾಕೊ ಅಶಿಹಾರಾ 2024ರ ಜನವರಿಯಲ್ಲಿ ತಿಳಿಸಿದರು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಚಾನೆಲ್ಲೂ ಪ್ರಕಾಶಕರೂ ಬೇರೆ ಬೇರೆ ತನಿಖಾ ವರದಿ ಕೊಟ್ಟರು. ಜಾಲತಾಣಗಳಲ್ಲಿ ಜನ ಒಬ್ಬರ ಮೇಲೊಬ್ಬರು ಹರಿಹಾಯ್ದದ್ದು ನೋವನ್ನು ಹೆಚ್ಚಿಸಿತೇ ಹೊರತು ಕಡಿಮೆ ಮಾಡಲಿಲ್ಲ. ನಾವು ಕಾಯುವ ಹತ್ತು ಎಪಿಸೋಡುಗಳ ಹಿಂದೆ ಎಂಥ ಒತ್ತಡ ಇರುತ್ತದೆ ಎನ್ನುವುದು ನೋಡುವವರಿಗೂ ಗೊತ್ತಿರಬೇಕು.

ಕರ್ನಾಟಕಕ್ಕೆ ಜಪಾನಿ ಸಿನಿಮಾ ಹೊಸದಲ್ಲ. 1951ರಲ್ಲಿ ವೆನಿಸ್‌ನಲ್ಲಿ ಚಿನ್ನದ ಸಿಂಹ ಗೆದ್ದ 'ರಾಶೋಮನ್' ಮತ್ತು ಅದರ ನಿರ್ದೇಶಕ ಕುರೊಸಾವಾ ಅವರ ಸಮುರಾಯ್ ಸಿನಿಮಾಗಳು ಇಲ್ಲಿನ ಫಿಲ್ಮ್ ಸೊಸೈಟಿಗಳ ಕಾಲದಿಂದಲೂ ನಮ್ಮವರಿಗೆ ಪರಿಚಿತ. ಗಿರೀಶ ಕಾರ್ನಾಡರ 1978ರ 'ಒಂದಾನೊಂದು ಕಾಲದಲ್ಲಿ' ಕುರೊಸಾವಾಗೆ ಸಲ್ಲಿಸಿದ ಗೌರವ. ಶಂಕರ್‌ನಾಗ್ ನಮಗೆ ಸಿಕ್ಕಿದ್ದು ಆ ಸಿನಿಮಾದಿಂದ. ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸುವ 'ರಾಶೋಮನ್' ದಾರಿ 2014ರ 'ಉಳಿದವರು ಕಂಡಂತೆ'ಯಲ್ಲಿ ಮಲ್ಪೆಯ ಕಡಲತೀರಕ್ಕೆ ಬಂತು.

ಆ ಕಡೆಗೂ ನಮ್ಮದು ಹೋಗಿದೆ. 2023ರಲ್ಲಿ ಕೆಜಿಎಫ್‌ನ ಎರಡೂ ಭಾಗ, 2024ರಲ್ಲಿ '777 ಚಾರ್ಲಿ' ಜಪಾನಿನ ಥಿಯೇಟರ್‌ಗಳಲ್ಲಿ ಜಪಾನಿ ಸಬ್‌ಟೈಟಲ್ ಜೊತೆ ಬಿಡುಗಡೆಯಾದವು. ಕನ್ನಡದ ಗಂಧಗಾಳಿ ಇಲ್ಲದವರು ಧರ್ಮ ಮತ್ತು ಅವನ ನಾಯಿ ಚಾರ್ಲಿಯ ಜೊತೆ ಹಿಮದ ಬೆಟ್ಟಗಳವರೆಗೆ ಹೋದರು. ಅವರಿಗೆ ಸಿಕ್ಕ ಈ ಅವಕಾಶ ನಮಗೆ ಯಾಕೆ ಸಿಗಬಾರದು?

ಕೇಳಿದರೆ ಸಿಗುತ್ತದೆ ಎನ್ನುವುದಕ್ಕೆ ಉದಾಹರಣೆ ಇದೆ. ಮಕೋತೊ ಶಿಂಕಾಯಿ ಅವರ 'ವೆದರಿಂಗ್ ವಿತ್ ಯೂ' 2019ರ ಅಕ್ಟೋಬರ್‌ನಲ್ಲಿ ಭಾರತದ ಥಿಯೇಟರ್‌ಗಳಿಗೆ ಬಂದದ್ದು ಅಭಿಮಾನಿಗಳು ಸಹಿ ಸಂಗ್ರಹಿಸಿ ಕೇಳಿದ್ದರಿಂದ. 50,000ಕ್ಕೂ ಹೆಚ್ಚು ಸಹಿ ಬಿದ್ದಿತ್ತು. ಇವತ್ತು ಅನಿಮೆ ಸಿನಿಮಾ ನಮ್ಮ ಮಲ್ಟಿಪ್ಲೆಕ್ಸ್‌ಗಳಲ್ಲಿ ಮಾಮೂಲು ಅನಿಸುತ್ತಿದ್ದರೆ ಅದರ ಶುರು ಅಲ್ಲಿದೆ. ಡ್ರಾಮಾಕ್ಕೆ ಅಂಥದ್ದೊಂದು ಕೂಗು ಇನ್ನೂ ಎದ್ದಿಲ್ಲ.

ಈಗ ನೋಡಲು ಶುರುಮಾಡುವವರಿಗೆ ನನ್ನ ಸಲಹೆ 'ಮಿಡ್‌ನೈಟ್ ಡೈನರ್' ಮತ್ತು 'ಅಶುರಾ'. ಎರಡೂ ನೆಟ್‌ಫ್ಲಿಕ್ಸ್‌ನವೇ ಆದ್ದರಿಂದ ಹುಡುಕಾಟ ಬೇಡ. ಸಿನಿಮಾ ಬೇಕೆಂದರೆ ಹಮಾಗುಚಿ ಅವರ 'ಡ್ರೈವ್ ಮೈ ಕಾರ್'. 2022ರಲ್ಲಿ ಆಸ್ಕರ್ ಗೆದ್ದ ಈ ಸಿನಿಮಾ ಮೂರು ಗಂಟೆಯದ್ದು. ಮೊದಲ ಅರ್ಧ ಗಂಟೆ ತಾಳ್ಮೆ ಬೇಕು, ಆಮೇಲೆ ಅದೇ ಹಿಡಿದು ಕೂರಿಸುತ್ತದೆ. ದುಡ್ಡು ಕೊಡದೆ ನೋಡಬೇಕೆಂದರೆ ಜಪಾನ್ ಫೌಂಡೇಶನ್ ನಡೆಸುವ ಜೆಎಫ್‌ಎಫ್ ಥಿಯೇಟರ್ ಇದೆ. ಕಾನೂನುಬದ್ಧ, ಉಚಿತ. ಇದೇ ಸಂಸ್ಥೆ 2024ರ ಆನ್‌ಲೈನ್ ಚಿತ್ರೋತ್ಸವದಲ್ಲಿ ಸಿನಿಮಾಗಳ ಜೊತೆ ಎರಡು ಟಿವಿ ಡ್ರಾಮಾ ಕೂಡ ತೋರಿಸಿತು. ಅದರಲ್ಲೊಂದು 'ರಿಕುಒ'. ನೂರು ವರ್ಷ ಹಳೆಯ ಕಾಲುಚೀಲದ ಕಾರ್ಖಾನೆಯೊಂದು ಬದುಕಿ ಉಳಿಯಲು ಓಟದ ಶೂ ಮಾಡಲು ಹೊರಡುವ ಕತೆ. ಸಣ್ಣ ಕೈಗಾರಿಕೆ ನಡೆಸುವ ಯಾರಾದರೂ ಕಣ್ಣೊರೆಸಿಕೊಂಡೇ ನೋಡುತ್ತಾರೆ.

ಜಪಾನ್ ಫೌಂಡೇಶನ್‌ಗೆ, ನೆಟ್‌ಫ್ಲಿಕ್ಸ್‌ಗೆ, ಎನ್‌ಎಚ್‌ಕೆಗೆ ಅಭಿಮಾನಿಗಳು ಬರೆದು ಕೇಳಬೇಕಾದ ಮೊದಲ ಹೆಸರು ಯಾವುದು ಎಂದರೆ ನಾನು 2024ರ ಬೆಳಗಿನ ಡ್ರಾಮಾ 'ತೊರಾ ನಿ ತ್ಸುಬಾಸಾ' ಎನ್ನುತ್ತೇನೆ. ಜಪಾನಿನಲ್ಲಿ ವಕೀಲಿಕೆ ಪರೀಕ್ಷೆ ಪಾಸಾದ ಮೊದಲ ಮೂವರು ಹೆಂಗಸರಲ್ಲಿ ಒಬ್ಬರಾದ, ಮುಂದೆ ನ್ಯಾಯಾಧೀಶರಾದ ಯೊಶಿಕೊ ಮಿಬುಚಿ ಅವರ ಬದುಕಿನ ನೆರಳು ಇದರಲ್ಲಿದೆ. ಹೆಣ್ಣುಮಗಳು ಕಾನೂನು ಓದಿ ಏನು ಮಾಡಬೇಕು ಎಂಬ 1930ರ ದಶಕದ ಮಾತು, ಯುದ್ಧ, ಹೊಸ ಸಂವಿಧಾನ, ಸಮಾನತೆಯ ಹಕ್ಕು, ಎಲ್ಲವೂ ದಿನಕ್ಕೆ 15 ನಿಮಿಷದಂತೆ 130 ಎಪಿಸೋಡಿನಲ್ಲಿ ಬರುತ್ತದೆ. ಧಾರವಾಡದಲ್ಲೋ ಮೈಸೂರಿನಲ್ಲೋ ಕಾನೂನು ಓದುತ್ತಿರುವ ಹುಡುಗಿಯೊಬ್ಬಳು ಇದನ್ನು ಕನ್ನಡ ಸಬ್‌ಟೈಟಲ್ ಜೊತೆ ನೋಡುವಂತಾಗಬೇಕು. ಅನುವಾದ ಮಾಡಬಲ್ಲ ಜಪಾನಿ ಕಲಿತ ಕನ್ನಡಿಗರು ಬೆಂಗಳೂರಿನಲ್ಲೇ ಸಾಕಷ್ಟು ಜನ ಇದ್ದಾರೆ.